ಕಣ್ಮುಚ್ಚಣ್ಣನ ಎಡಗೈ

ಜಜ್ಜಿದ ಕಾರಿನ ಬಾಗಿಲನ್ನು ತಟ್ಟಿ ನೇರ ಮಾಡುವವನಿಗೆ ಕಣ್ಣು ಅಷ್ಟಾಗಿ ಉಪಯೋಗಕ್ಕೆ ಬರುವುದಿಲ್ಲ. ಬಣ್ಣ ಕೆರೆದು ತೆಗೆದ ತಗಡು ಮಂಕಾಗಿರುತ್ತದೆ. ಉಬ್ಬು ಎಲ್ಲಿ, ತಗ್ಗು ಎಲ್ಲಿ ಎಂದು ಅದು ಹೇಳುವುದಿಲ್ಲ. ಬಣ್ಣ ಬಿದ್ದು ಹೊಳಪು ಬಂದ ಮೇಲೆ ಎಲ್ಲವೂ ಕಾಣುತ್ತದೆ, ಆದರೆ ಅಷ್ಟರಲ್ಲಿ ಹೊತ್ತು ಮೀರಿರುತ್ತದೆ. ಹಾಗಾಗಿ ಈ ಕಸುಬಿನವರು ಅಂಗೈಯಿಂದ ನೋಡುತ್ತಾರೆ. ಅದೂ ಬರಿಗೈಯಲ್ಲಿ ಅಲ್ಲ. ಬೆವರು ತಗಡಿಗೆ ಅಂಟಿ ಕೈಯನ್ನು ತಡೆಯುತ್ತದೆ. ನಡುವೆ ತೆಳ್ಳಗಿನ ಹತ್ತಿ ಬಟ್ಟೆಯೊಂದನ್ನು ಇಟ್ಟುಕೊಂಡರೆ ಕೈ ಸರಾಗವಾಗಿ ಜಾರುತ್ತದೆ, ಕೂದಲೆಳೆಯಷ್ಟು ತಗ್ಗಿದ್ದರೂ ಸಿಕ್ಕಿಬೀಳುತ್ತದೆ.

ಈ ಗ್ಯಾರೇಜಿನ ಟಿಂಕರ್, ಅಂದರೆ ತಗಡಿನ ಕೆಲಸದವನು, ಬಟ್ಟೆ ಹಿಡಿದ ಎಡಗೈಯನ್ನು ಬಾಗಿಲ ಮೇಲೆ ಇಟ್ಟ ಕೂಡಲೇ ಕಣ್ಣು ಮುಚ್ಚುತ್ತಿದ್ದ. ಕೈ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗುವವರೆಗೂ ತೆರೆಯುತ್ತಿರಲಿಲ್ಲ. ಅದಕ್ಕೇ ಎಲ್ಲರ ಬಾಯಲ್ಲಿ ಅವನು ಕಣ್ಮುಚ್ಚಣ್ಣ. ವಯಸ್ಸು ಐವತ್ತರ ಮೇಲೆ, ಕುಳ್ಳು, ಮಾತು ಕಡಿಮೆ. ಬಲಗೈಯಲ್ಲಿ ಸುತ್ತಿಗೆ, ಎಡಗೈಯಲ್ಲಿ ಡಾಲಿ. ಡಾಲಿ ಎಂದರೆ ಮುಷ್ಟಿಗಾತ್ರದ ನುಣುಪಾದ ಕಬ್ಬಿಣದ ಗಟ್ಟಿ. ತಗಡಿನ ಹಿಂದೆ ಅದನ್ನು ಒತ್ತಿಹಿಡಿದು ಮುಂದಿನಿಂದ ಸುತ್ತಿಗೆಯಲ್ಲಿ ತಟ್ಟಬೇಕು. ಗಟ್ಟಿ ಎಲ್ಲಿದೆ, ಏಟು ಅದರ ಮೇಲೆ ಬಿತ್ತೋ ಪಕ್ಕಕ್ಕೆ ಬಿತ್ತೋ ಎಂಬುದನ್ನೂ ಎಡಗೈಯೇ ಹೇಳಬೇಕು.

ತಗಡಿನ ಕೆಲಸ ಮುಗಿದ ಬಾಗಿಲು ಪ್ಲಾಸ್ಟಿಕ್ ಪರದೆಯ ಆಚೆ ಪೇಂಟರನ ಪಾಲಿಗೆ ಹೋಗುತ್ತಿತ್ತು. ಪೇಂಟರ್ ಉದ್ದನೆಯ ಆಸಾಮಿ, ಕಿವಿಯ ಮಡಿಕೆಯಲ್ಲಿ ಯಾವಾಗಲೂ ಯಾವುದಾದರೂ ಬಣ್ಣ. ಕಣ್ಮುಚ್ಚಣ್ಣನಿಗಿಂತ ಕೆಲವು ವರ್ಷ ಚಿಕ್ಕವನು. ಇಬ್ಬರೂ ಮೊದಲು ಬೇರೊಬ್ಬ ಮಾಲೀಕನ ಬಳಿ ಒಟ್ಟಿಗಿದ್ದು, ಅವನು ಅಂಗಡಿ ಮುಚ್ಚಿದಾಗ ಒಟ್ಟಿಗೇ ಇಲ್ಲಿಗೆ ಬಂದವರು. ಅವರ ನಡುವಿನ ಜಗಳವೂ ಅಷ್ಟೇ ಹಳೆಯದು. ಅದು ಪುಟ್ಟಿಯದು. ತಗ್ಗಿಗೆ ಮೆತ್ತುವ ಮುಲಾಮಿನಂಥ ವಸ್ತು ಪುಟ್ಟಿ. ಒಣಗಿ ಗಟ್ಟಿಯಾದ ಮೇಲೆ ಉಪ್ಪುಕಾಗದದಲ್ಲಿ ಉಜ್ಜಿದರೆ ತಗಡಿನ ಮಟ್ಟಕ್ಕೆ ಬರುತ್ತದೆ, ಮೇಲೆ ಬಣ್ಣ ಹೊಡೆದರೆ ಯಾರಿಗೂ ಗೊತ್ತಾಗುವುದಿಲ್ಲ. ಎಲ್ಲ ಗ್ಯಾರೇಜುಗಳೂ ಅದರ ಮೇಲೆಯೇ ನಿಂತಿವೆ. ಕಣ್ಮುಚ್ಚಣ್ಣ ಮಾತ್ರ ಅದನ್ನು ಬೈಗುಳ ಎಂದುಕೊಂಡಿದ್ದ. ಮೇಲೆ ತಳುಕು ಒಳಗೆ ಹುಳುಕು ಎನ್ನುತ್ತಿದ್ದ. ತಾನು ಕಳಿಸಿದ ಬಾಗಿಲಿಗೆ ಪುಟ್ಟಿಯ ಡಬ್ಬಿ ತೆರೆದರೆ ತನಗೆ ಕೆಲಸ ಬರುವುದಿಲ್ಲ ಎಂದು ಊರಿಗೆಲ್ಲ ಸಾರಿದ ಹಾಗೆ ಎಂದು ಅವನ ವಾದ. ಪೇಂಟರ್ ಪರದೆಯ ಆಚೆಯಿಂದಲೇ ಉತ್ತರ ಕೊಡುತ್ತಿದ್ದ: ಇವನನ್ನು ಹೀಗೇ ಬಿಟ್ಟರೆ ನಾಳೆ ಬಣ್ಣವೂ ಬೇಡ ಅನ್ನುತ್ತಾನೆ.

ಅಪಘಾತದಲ್ಲಿ ಹೇಳಿಕೊಳ್ಳುವಂಥದ್ದು ಏನೂ ಇರಲಿಲ್ಲ. ಹಳೆಯ ವ್ಯಾನೊಂದರ ತುಕ್ಕು ಹಿಡಿದ ಪಕ್ಕದ ತಗಡನ್ನು ಕತ್ತರಿಸಿ ತೆಗೆಯುತ್ತಿದ್ದರು. ಒಂದೇ ಒಂದು ಬೆಸುಗೆಯ ಚುಕ್ಕೆ ಅದನ್ನು ಹಿಡಿದುಕೊಂಡಿತ್ತು, ಅದು ಬಿಟ್ಟಿತು. ತಗಡು ಕೆಳಗೆ ಬರುವಾಗ ಅದರ ಅಂಚು ಎಡಗೈಯ ಮಣಿಕಟ್ಟಿನ ಒಳಭಾಗವನ್ನು ಸೀಳಿಕೊಂಡು ಹೋಯಿತು. ಪೇಂಟರ್ ಓಡಿಬಂದು ಕೈಗೆ ಸಿಕ್ಕ ಬಟ್ಟೆಯನ್ನು ಬಿಗಿಯಾಗಿ ಸುತ್ತಿದ. ಸಿಕ್ಕಿದ್ದು ಅದೇ ತೆಳ್ಳಗಿನ ಹತ್ತಿ ಬಟ್ಟೆ. ಆಟೋದಲ್ಲಿ ಕಣ್ಮುಚ್ಚಣ್ಣ ಒಂದೇ ಮಾತು ಆಡಿದನಂತೆ, ವ್ಯಾನಿನ ಬ್ಯಾಟರಿ ತಂತಿ ಕಳಚಿಲ್ಲ, ಯಾರಾದರೂ ಕಳಚಿ ಎಂದು.

ಆಸ್ಪತ್ರೆಯಲ್ಲಿ ರಕ್ತ ನಿಲ್ಲಿಸಿದರು, ಬೆರಳು ಮಡಿಸುವ ಸ್ನಾಯುಗಳ ತುದಿಗಳನ್ನು ಹೊಲಿದರು, ಚರ್ಮ ಮುಚ್ಚಿದರು. ನಡುವಿನ ದೊಡ್ಡ ನರ ಮಾತ್ರ ಕೂಡಲಿಲ್ಲ. ತುಕ್ಕಿನ ಅಂಚು ಅದನ್ನು ಕತ್ತರಿಸಿರಲಿಲ್ಲ, ಹರಿದಿತ್ತು. ನಾರುನಾರಾದ ತುದಿಗಳನ್ನು ಸವರಿ ತೆಗೆದರೆ ನಡುವೆ ಒಂದು ಬೆರಳಿನ ಅಗಲದಷ್ಟು ಖಾಲಿ ಉಳಿಯುತ್ತಿತ್ತು. ಎಳೆದು ಕಟ್ಟಿದರೆ ಮತ್ತೆ ಹರಿಯುತ್ತದೆ. ಹೆಬ್ಬೆರಳು, ತೋರುಬೆರಳು, ನಡುಬೆರಳು, ಅವುಗಳ ಕೆಳಗಿನ ಅಂಗೈ ಎಲ್ಲಕ್ಕೂ ಸುದ್ದಿ ಒಯ್ಯುವ ದಾರಿ ಅದೊಂದೇ. ಕಿರುಬೆರಳಿನ ಕಡೆಗೂ ಕೈಯ ಬೆನ್ನಿಗೂ ಬೇರೆ ನರಗಳಿವೆ, ಅವಕ್ಕೆ ಏನೂ ಆಗಿರಲಿಲ್ಲ.

ಗಾಯ ಒಣಗಿದ ಮೇಲೆ ಅವನನ್ನು ದೊಡ್ಡ ಆಸ್ಪತ್ರೆಯ ಕೈ ವಿಭಾಗಕ್ಕೆ ಕಳಿಸಿದರು. ಅಲ್ಲಿನ ಶಸ್ತ್ರವೈದ್ಯ ಮೇಜಿನ ಮೇಲಿದ್ದ ಪೆನ್ನಿನ ಕ್ಯಾಪು ತೆಗೆದು ತೋರಿಸುತ್ತ ವಿವರಿಸಿದ. ಸಾಮಾನ್ಯವಾಗಿ ಕಾಲಿನಿಂದ ಅಷ್ಟೇನೂ ಬೇಕಿಲ್ಲದ ಒಂದು ನರವನ್ನು ತೆಗೆದು ಈ ಖಾಲಿ ಜಾಗಕ್ಕೆ ಹೊಲಿಯುತ್ತಾರೆ. ಆದರೆ ಇಲ್ಲಿ ಒಂದು ಹೊಸ ವಿಧಾನದ ಪರೀಕ್ಷೆ ನಡೆಯುತ್ತಿದೆ. ಚರ್ಮದಲ್ಲಿ, ಮೂಳೆಯಲ್ಲಿ ಇರುವಂಥದ್ದೇ ಪ್ರೋಟೀನಿನಿಂದ ಮಾಡಿದ ಸಣ್ಣ ನಳಿಕೆ. ಅದರ ಗೋಡೆಯಲ್ಲಿ, ಬೆಳೆ ಎಂದು ನರಕ್ಕೆ ಹೇಳುವ ಇನ್ನೊಂದು ಪ್ರೋಟೀನನ್ನು ತುಂಬಿರುತ್ತಾರೆ. ದೇಹವೇ ತಯಾರಿಸುವ ವಸ್ತು ಅದು, ಗಾಯದ ಜಾಗದಲ್ಲಿ ಸಾಕಷ್ಟು ಇರುವುದಿಲ್ಲ ಅಷ್ಟೇ. ನಳಿಕೆ ಅದನ್ನು ಸ್ವಲ್ಪ ಸ್ವಲ್ಪವಾಗಿ ಬಿಡುತ್ತದೆ. ಮೇಲಿನ ತುದಿಯಿಂದ ನರದ ಎಳೆಗಳು ಅದರೊಳಗೆ ತೆವಳಿ ಆಚೆ ದಡ ಸೇರಬೇಕು, ಅಲ್ಲಿಂದ ಬೆರಳಿನ ತುದಿಯವರೆಗೆ ಹೋಗಬೇಕು. ನಳಿಕೆ ಆಮೇಲೆ ಕರಗಿಹೋಗುತ್ತದೆ.

"ನಾವು ನರ ಹಾಕ್ತಿಲ್ಲ," ಎಂದ ವೈದ್ಯ. "ನರಕ್ಕೆ ದಾರಿ ಹಾಕ್ತಿದೀವಿ. ನಡೀಬೇಕಾದ್ದು ಅದೇ. ದಿನಕ್ಕೊಂದು ಸೂಜಿಮೊನೆಯಷ್ಟು ನಡೆದ್ರೆ ಹೆಚ್ಚು. ಪೂರ್ತಿ ಬಂದೇ ಬರತ್ತೆ ಅಂತ ನಾನು ಹೇಳಲ್ಲ."

ಜೊತೆಗೆ ಬಂದಿದ್ದ ಹೆಂಡತಿ, ಬರದಿದ್ದರೆ ಏನು ಎಂದು ಕೇಳಿದಳು. ಆಕೆ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಚೌಕಟ್ಟಿಗೆ ಕೂರಿಸುವವಳು. ಒಂದು ಗೆರೆ ಆಚೀಚೆಯಾದರೆ ಗಾಜು ಹಾಳು ಎಂಬ ಲೆಕ್ಕದಲ್ಲೇ ಬದುಕಿದವಳು. ವೈದ್ಯ ಅದಕ್ಕೂ ಉತ್ತರ ಕೊಟ್ಟ. ಒಂದು ಗಡುವಿದೆ. ಅಷ್ಟರಲ್ಲಿ ನರ ಮುಂದುವರಿಯದಿದ್ದರೆ ಮತ್ತೆ ತೆರೆದು ಕಾಲಿನ ನರ ಹಾಕಬೇಕು. ಗಡುವು ದಾಟಿದರೆ ಹೆಬ್ಬೆರಳ ಬುಡದ ಮಾಂಸ ಒಣಗಿಹೋಗಿರುತ್ತದೆ, ಆಮೇಲೆ ಯಾವ ನರ ತಂದರೂ ಅದು ಮೇಲೇಳುವುದಿಲ್ಲ. ಅದಕ್ಕೇ ಆಗಾಗ ಬಂದು ಪರೀಕ್ಷೆ ಮಾಡಿಸಿಕೊಳ್ಳಬೇಕು, ಆಗ ಅನಿಸಿದ್ದನ್ನು ಅನಿಸಿದ ಹಾಗೆ ಹೇಳಬೇಕು.

ಕಣ್ಮುಚ್ಚಣ್ಣ ಕೇಳಿದ್ದು ಒಂದೇ. "ತಗಡು ನೋಡೋಷ್ಟು ಬರತ್ತಾ, ಸರ್?"

ವೈದ್ಯನಿಗೆ ಪ್ರಶ್ನೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ, ಗೊತ್ತಿಲ್ಲ ಎಂದ.

ನಳಿಕೆ ಹಾಕುವ ಶಸ್ತ್ರಚಿಕಿತ್ಸೆ ಮುಗಿಸಿ ಗ್ಯಾರೇಜಿಗೆ ಮುಖ ತೋರಿಸಲು ಹೋದಾಗ ಪೇಂಟರ್ ಎಲ್ಲವನ್ನೂ ಕೇಳಿಸಿಕೊಂಡು ತಲೆಯಾಡಿಸಿದ. "ಅಂದ್ರೆ ಡಾಕ್ಟರು ನಿನಗೆ ಪುಟ್ಟಿ ತುಂಬಿದಾರೆ ಅನ್ನು. ಇಷ್ಟು ವರ್ಷ ನನ್ನನ್ನ ಬೈದಿದ್ದು ಸಾರ್ಥಕ ಆಯ್ತು."

"ಇದು ಕರಗಿಹೋಗತ್ತೆ ಕಣೋ. ನಿನ್ನ ಪುಟ್ಟಿ ಥರ ಜಾಗ ಹಿಡ್ಕೊಂಡು ಕೂರಲ್ಲ."

"ಕರಗೋ ಪುಟ್ಟಿ ಇದ್ರೆ ನನಗೂ ಒಂದು ಡಬ್ಬಿ ತಂದ್ಕೊಡು. ಗಿರಾಕಿ ಮನೆಗೆ ಹೋದ್ಮೇಲೆ ಕರಗ್ಲಿ."

ಮರಗಟ್ಟಿದ ಕೈಯೊಂದಿಗೆ ಬದುಕುವುದು ನೋವಿನ ಬದುಕಲ್ಲ. ನೋವಿದ್ದರೆ ಕೈ ಇದೆ ಎಂದಾದರೂ ಗೊತ್ತಾಗುತ್ತದೆ. ಜೇಬಿನೊಳಗೆ ಕೈ ಹಾಕಿದರೆ ಕೈ ಜೇಬಿನಲ್ಲಿದೆಯೋ ಹೊರಗಿದೆಯೋ ಎಂದು ನೋಡಿಯೇ ತಿಳಿಯಬೇಕು. ಗುಂಡಿ ಹಾಕುವಾಗ ಗುಂಡಿ ಎಲ್ಲಿದೆ ಎಂದು ಬೆರಳಿಗೆ ಗೊತ್ತಿರುವುದಿಲ್ಲ. ಒಂದು ಬೆಳಿಗ್ಗೆ ಕಾಫಿಯ ಸ್ಟೀಲ್ ಲೋಟ ಹಿಡಿದು ಕಿಟಕಿಯ ಹೊರಗೆ ನೋಡುತ್ತ ನಿಂತಿದ್ದ. ಹೆಂಡತಿ ಬಂದು ಲೋಟ ಕಿತ್ತುಕೊಂಡಳು. ಬೆರಳುಗಳ ಒಳಬದಿಯಲ್ಲಿ ಬೊಬ್ಬೆ ಎದ್ದಿತ್ತು. ಅವನು ಅದನ್ನು ಬೇರೆ ಯಾರದೋ ಕೈ ಎಂಬಂತೆ ತಿರುಗಿಸಿ ನೋಡಿದ. ಅಂದಿನಿಂದ ಮನೆಯಲ್ಲಿ ಒಂದು ನಿಯಮವಾಯಿತು. ಬಿಸಿಯದನ್ನು ಅವನು ಮುಟ್ಟುವ ಮೊದಲು ಅವಳು ಮುಟ್ಟಬೇಕು, ಸ್ನಾನದ ನೀರನ್ನೂ.

ಮರಗಟ್ಟಿದ್ದು ಕೈಯಲ್ಲಿ ಮಾತ್ರ ಉಳಿಯಲಿಲ್ಲ. ಮೊದಲೇ ಕಡಿಮೆಯಿದ್ದ ಮಾತು ಇನ್ನೂ ಕಡಿಮೆಯಾಯಿತು. ಊಟಕ್ಕೆ ಉಪ್ಪು ಸಾಲದಿದ್ದರೂ ಹೇಳುತ್ತಿರಲಿಲ್ಲ. ತಂಗಿಯ ಮಗಳ ಮದುವೆ ನಿಶ್ಚಯವಾದ ಸುದ್ದಿ ಬಂದಾಗ ಒಳ್ಳೆಯದಾಯಿತು ಎಂದು ಹೇಳಿ ಟಿವಿಯ ಕಡೆ ತಿರುಗಿದ. ಟಿವಿ ಆಫ್ ಆಗಿತ್ತು. ಹೆಂಡತಿ ಇದನ್ನು ಪೇಂಟರನಿಗೆ ಹೇಳಿದಾಗ ಅವಳ ದನಿಯಲ್ಲಿ ದೂರೂ ಇರಲಿಲ್ಲ. ನೋಡಿದ್ದನ್ನು ಹೇಳಿದಳು, ಅಷ್ಟೇ.

ಮಾಲೀಕ ಒಳ್ಳೆಯವನು. ಕೈಪಟ್ಟಿ ಬಿಚ್ಚಿದ ಮೇಲೆ ಬೋಲ್ಟು ಕಳಚುವಂಥ, ಬಂಪರ್ ಕೂರಿಸುವಂಥ ಕೆಲಸ ಕೊಟ್ಟು ಕೂರಿಸಿಕೊಂಡ. ಡಾಲಿ ಹಿಡಿದರೆ ಜಾರಿ ಕಾಲ ಮೇಲೆ ಬೀಳುತ್ತಿತ್ತು. ತಗಡಿನ ಕೆಲಸವನ್ನು ಹೊರಗಿನವರಿಗೆ ಕೊಡುತ್ತಿದ್ದರು. ಬಂದ ಬಾಗಿಲುಗಳ ಮೇಲೆ ಕಣ್ಮುಚ್ಚಣ್ಣ ಅಭ್ಯಾಸಬಲದಿಂದ ಎಡಗೈ ಇಡುತ್ತಿದ್ದ, ಕಣ್ಣು ಮುಚ್ಚುತ್ತಿದ್ದ, ಸ್ವಲ್ಪ ಹೊತ್ತಿನ ಮೇಲೆ ತೆರೆದು ಹೋಗುತ್ತಿದ್ದ.

ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡುವವಳು ಥೆರಪಿಸ್ಟ್, ಚುರುಕಾದ ಹೆಣ್ಣುಮಗಳು. ಇವನನ್ನು ಅಂಕಲ್ ಎನ್ನುತ್ತಿದ್ದಳು, ಇವನು ಅವಳನ್ನು ಮೇಡಂ ಎನ್ನುತ್ತಿದ್ದ. ಸ್ಟೀಲಿನ ಪುಟ್ಟ ಮೇಜಿನ ಮೇಲೆ ಕೈಯನ್ನು ಅಂಗಾತ ಇಡಿಸಿ, ಕಣ್ಣು ಮುಚ್ಚಲು ಹೇಳಿ, ಬೇರೆ ಬೇರೆ ದಪ್ಪದ ನೈಲಾನ್ ಎಳೆಗಳಿಂದ ಒಂದೊಂದು ಬೆರಳನ್ನು ಒತ್ತುತ್ತಿದ್ದಳು. ಮುಟ್ಟಿದ್ದು ತಿಳಿದಾಗ ಹೂಂ ಎನ್ನಬೇಕು, ಯಾವ ಬೆರಳು ಎಂದು ಹೇಳಬೇಕು. ಮೊದಲ ಸಲ ಬಂದಾಗ ಕೋಣೆಯಲ್ಲಿ ಗಡಿಯಾರದ ಸದ್ದು ಬಿಟ್ಟರೆ ಬೇರೇನೂ ಕೇಳಲಿಲ್ಲ. ಆಮೇಲಿನ ಒಂದು ಭೇಟಿಯಲ್ಲಿ ಅವನು ಹೂಂ ಎಂದ. ಮತ್ತೆ ಎಂದ. ಅದರ ಮುಂದಿನ ಸಲ ಬಹುಪಾಲು ಸರಿಯಾಗಿಯೇ ಹೇಳಿದ. ಕಣ್ಣು ಮುಚ್ಚಿ ಕೂತು ಏನು ಬರುತ್ತದೆ ಎಂದು ಕಾಯುವುದು ಅವನಿಗೆ ಗೊತ್ತಿದ್ದ ಕೆಲಸವೇ. ಏನೋ ಬರುತ್ತಿತ್ತು, ಬಹಳ ಸಣ್ಣದು, ಆದರೆ ಬರುತ್ತಿತ್ತು. ಅವನು ಸುಳ್ಳು ಹೇಳಲಿಲ್ಲ.

ಹೀಗೇ ಆದರೆ ಮುಂದಿನ ಸಲ ಸರ್ ನೋಡಿ, ಇನ್ನು ಏನೂ ಮಾಡುವುದು ಬೇಡ ಎಂದು ಬಿಟ್ಟುಬಿಡಬಹುದು ಎಂದಳು ಥೆರಪಿಸ್ಟ್. ಹೇಳುವಾಗ ಅವನ ಹೆಬ್ಬೆರಳ ಬುಡವನ್ನು ಒಮ್ಮೆ ಒತ್ತಿ ನೋಡಿದಳು.

ಮರುದಿನ ಕಣ್ಮುಚ್ಚಣ್ಣ ಕೈ ಬಂತು ಎಂದು ಮಾಲೀಕನಿಗೆ ಹೇಳಿ ಒಂದು ಬಾಗಿಲು ಕೇಳಿ ತೆಗೆದುಕೊಂಡ. ಡಾಲಿಗೆ ಹಳೆಯ ಟ್ಯೂಬಿನ ರಬ್ಬರು ಸುತ್ತಿಕೊಂಡಿದ್ದರಿಂದ ಅದು ಜಾರಲಿಲ್ಲ. ತಟ್ಟಿದ, ಬಟ್ಟೆ ಹಿಡಿದು ಸವರಿದ, ಮತ್ತೆ ತಟ್ಟಿದ. ಪೂರ್ತಿ ಸರಿಯಾಯಿತು ಎನಿಸಿದಾಗ ಪೇಂಟರನನ್ನು ಕರೆದ. ಬಾಗಿಲು ಪರದೆಯಾಚೆ ಹೋಯಿತು, ಬಣ್ಣ ಹಾಕಿಸಿಕೊಂಡು ಬಂತು. ಟ್ಯೂಬ್‌ಲೈಟಿನ ಕೆಳಗೆ ಅದರ ಮೈಯಲ್ಲಿ ಒಂದು ಅಲೆಯೂ ಇರಲಿಲ್ಲ. ಆಮೇಲೆ ಇನ್ನೊಂದು ಬಾಗಿಲು, ಒಂದು ಬಾನೆಟ್, ಎರಡು ಮಡ್‌ಗಾರ್ಡು. ಎಲ್ಲವೂ ಹಾಗೆಯೇ ಬಂದವು. ಮನೆಯಲ್ಲಿ ಒಂದು ದಿನ, ಸಾರಿಗೆ ಹುಳಿ ಜಾಸ್ತಿಯಾಗಿದೆ ಎಂದ. ಹೆಂಡತಿ ಒಳಗೆ ಹೋಗಿ ಬೆಲ್ಲದ ಡಬ್ಬಿ ತಂದಿಟ್ಟಳು.

ಆ ಮೊದಲ ಬಾಗಿಲು ಮತ್ತೆ ಗ್ಯಾರೇಜಿಗೆ ಬಂತು. ಕಾರಿನವನು ಅದನ್ನು ಕಂಬಕ್ಕೆ ತಾಗಿಸಿ ಕೆಳಅಂಚಿನಲ್ಲಿ ಗೀರು ಮಾಡಿಕೊಂಡಿದ್ದ. ದೊಡ್ಡದೇನಲ್ಲ. ಕಣ್ಮುಚ್ಚಣ್ಣ ಕುಕ್ಕರುಗಾಲಲ್ಲಿ ಕೂತು ಗೀರು ನೋಡಿದ, ಏಳುವಾಗ ಬಲಗೈಯ ಬೆರಳಗಂಟಿನಿಂದ ಬಾಗಿಲನ್ನು ಸುಮ್ಮನೆ ತಟ್ಟಿದ. ಮನೆಗೆ ಬಂದವರು ಕದ ತಟ್ಟಿದಷ್ಟೇ ಸಹಜವಾಗಿ. ಬರಿ ತಗಡಿನ ಮೇಲೆ ಬಣ್ಣವಿದ್ದರೆ ಸದ್ದು ತೆರೆದುಕೊಳ್ಳುತ್ತದೆ. ಇದು ತೆರೆದುಕೊಳ್ಳಲಿಲ್ಲ. ತುಂಬಿದ ಚೀಲವನ್ನು ಗುದ್ದಿದ ಹಾಗಿತ್ತು. ಒಂದು ಗೇಣು ಪಕ್ಕಕ್ಕೆ ತಟ್ಟಿದ, ತಗಡು. ಇನ್ನೊಂದು ಗೇಣು, ಮತ್ತೆ ಚೀಲ. ಹಿಡಿಯ ಕೆಳಗೆ, ನಡುವಿನಲ್ಲಿ, ಹಿಂದಿನ ಅಂಚಿನಲ್ಲಿ. ಪುಟ್ಟಿ ಎಲ್ಲೆಲ್ಲಿದೆ ಎಂದು ನಕಾಶೆ ಬರೆದುಕೊಡುವಷ್ಟು ಸ್ಪಷ್ಟವಾಗಿ ಕೇಳಿತು.

ಪೇಂಟರ್ ಪರದೆಯ ಬಳಿ ಉಪ್ಪುಕಾಗದವನ್ನು ನೀರಿಗೆ ಅದ್ದುತ್ತಿದ್ದ. ತಟ್ಟುವ ಸದ್ದು ಕೇಳಿ ಕೈ ನಿಲ್ಲಿಸಿದ್ದ.

"ಇದ್ರಲ್ಲಿ ಎಷ್ಟು ತುಂಬಿದೀಯ?"

"ಸ್ವಲ್ಪ."

"ಬೇರೇವುಗಳಲ್ಲಿ?"

"ಎಲ್ಲದ್ರಲ್ಲೂ ಸ್ವಲ್ಪ ಸ್ವಲ್ಪ, ಅಣ್ಣ."

"ಹೇಳಬಹುದಿತ್ತಲ್ಲ."

ಪೇಂಟರ್ ಉಪ್ಪುಕಾಗದವನ್ನು ಹಿಂಡಿ ಬಕೆಟ್ಟಿನ ಅಂಚಿಗೆ ಹಾಕಿದ. "ಏನಂತ ಹೇಳ್ಲಿ? ಆವತ್ತು ಕಣ್ಣು ಮುಚ್ಕೊಂಡು ನಗ್ತಾ ಇದ್ದೆ ನೀನು. ನಿನ್ನ ಮುಖದಲ್ಲಿ ನಗು ನೋಡಿ ಎಷ್ಟು ದಿನ ಆಗಿತ್ತು ಗೊತ್ತಾ. ಮೊದಲ ಕೋಟು ಬಿದ್ಮೇಲೆ ಅಲೆ ಕಾಣಿಸ್ತು, ಆದ್ರೆ ತಗ್ಗಿದೆ ಅಂತ ಹೇಳೋಕೆ ನನಗೆ ಬಾಯಿ ಬರ್ಲಿಲ್ಲ."

ಕಣ್ಮುಚ್ಚಣ್ಣ ಕೋಪಿಸಿಕೊಳ್ಳಲಿಲ್ಲ. ಕೋಪಿಸಿಕೊಂಡಿದ್ದರೆ ವಾಸಿಯಿತ್ತು ಎಂದು ಪೇಂಟರ್ ಆಮೇಲೆ ಹೇಳಿದ. ಸುತ್ತಿಗೆಯನ್ನು ಒರೆಸಿ ಪೆಟ್ಟಿಗೆಯಲ್ಲಿಟ್ಟು, ಹೊತ್ತಿಗೆ ಮೊದಲೇ ಮನೆಗೆ ಹೋದ.

ಬಸ್ಸಿನಲ್ಲಿ ಅವನಿಗೆ ಅದೊಂದೇ ಯೋಚನೆ. ಬಾಗಿಲಿನ ವಿಷಯದಲ್ಲಿ ಕೈ ತಪ್ಪಿದೆ. ಆದರೆ ಆಸ್ಪತ್ರೆಯಲ್ಲಿ ಅದೇ ಕೈ ಸರಿಯಾಗಿ ಹೇಳಿದೆ. ಎರಡೂ ನಿಜವಾಗಿರಲು ಸಾಧ್ಯವಿಲ್ಲ. ಆ ಸ್ಟೀಲ್ ಮೇಜಿನ ಬಳಿ ತನಗೆ ಬರುತ್ತಿದ್ದದ್ದು ಏನು, ಎಲ್ಲಿಂದ ಎಂದು ಮೊದಲ ಸಲ ಕೇಳಿಕೊಂಡ.

ಹೆಂಡತಿ ಅಂಗಡಿಯಿಂದ ಬಂದ ಮೇಲೆ ವಿಷಯ ಹೇಳಿದ. ಅವಳು ಚೀಲದಿಂದ ಗಾಜು ಒರೆಸುವ ಬ್ರಷ್ ತೆಗೆದು ಅದರ ಒಂದು ಒರಟು ಕೂದಲನ್ನು ಕಿತ್ತಳು. ಅಡುಗೆಮನೆಯ ಮಡಿಸುವ ಸ್ಟೀಲ್ ಮೇಜಿನ ಮೇಲೆ ಕೈ ಇಡಿಸಿದಳು. ಅವನು ಕಣ್ಣು ಮುಚ್ಚಿದ. ಅವಳು ಮುಟ್ಟಿದಳು, ಅವನು ಹೂಂ ಎಂದ. ಹೆಚ್ಚುಕಡಿಮೆ ಪ್ರತಿ ಸಲವೂ ಸರಿ.

"ಸರಿಯಾಗೇ ಹೇಳ್ತಿದೀರಲ್ಲ," ಎಂದಳು.

"ಹಾಸಿಗೆ ಮೇಲೆ ಮಾಡೋಣ ಬಾ."

ಹತ್ತಿಯ ಹಾಸಿಗೆಯ ಮೇಲೆ ಮಡಿಸಿದ ಕಂಬಳಿ, ಅದರ ಮೇಲೆ ಕೈ. ಅವನು ಕಣ್ಣು ಮುಚ್ಚಿ ಕಾದ. ಹೊರಗೆ ಯಾರೋ ಮೆಟ್ಟಿಲು ಹತ್ತಿ ಹೋದರು. ಪಕ್ಕದ ಮನೆಯ ನಲ್ಲಿ ನಿಂತಿತು. ಅವನು ಇನ್ನೂ ಕಾಯುತ್ತಿದ್ದ.

"ಇನ್ನೂ ಮುಟ್ಟಿಲ್ವಾ?"

"ಮುಟ್ಟಿ ಆಯ್ತು ರೀ," ಎಂದಳು. "ಮೂರು ಬೆರಳೂ."

ಮೇಜಿನ ಮೇಲೆ ಅವಳು ಬಾಗಿ ಒತ್ತಿದಾಗಲೆಲ್ಲ ಮೇಜು ಅಲುಗುತ್ತಿತ್ತು, ಕಣ್ಣಿಗೆ ಕಾಣದಷ್ಟು. ಅದು ತಗಡಿನಲ್ಲಿ ಹರಿದು ಅವನ ಕಿರುಬೆರಳಿಗೆ, ಕೈಬೆನ್ನಿಗೆ, ಮೊಣಕೈಗೆ ಬರುತ್ತಿತ್ತು. ಅವೆಲ್ಲ ಚೆನ್ನಾಗಿದ್ದ ಜಾಗಗಳು. ಕಬ್ಬಿಣದೊಳಗಿನ ಸದ್ದನ್ನು ಚರ್ಮದಿಂದ ಕೇಳುವುದನ್ನೇ ಜೀವಮಾನವೆಲ್ಲ ಕಲಿತವನು. ಆಸ್ಪತ್ರೆಯಲ್ಲೂ ಅದನ್ನೇ ಕೇಳಿದ್ದ, ಬೆರಳು ಎಂದುಕೊಂಡಿದ್ದ. ಯಾವ ಬೆರಳು ಎಂದು ಹೇಳುವುದೂ ಕಷ್ಟವಾಗಿರಲಿಲ್ಲ. ಥೆರಪಿಸ್ಟ್ ಹೆಚ್ಚಾಗಿ ಹೆಬ್ಬೆರಳಿನಿಂದ ಶುರುಮಾಡಿ ಸಾಲಾಗಿ ಹೋಗುತ್ತಿದ್ದಳು.

ಹೆಂಡತಿ ಕೂದಲನ್ನು ಕಾಗದದಲ್ಲಿ ಸುತ್ತಿಟ್ಟಳು. "ಅಂಗೈ ಹುಣ್ಣಿಗೆ ಕನ್ನಡಿ ಬೇಡ ಅಂತಾರೆ. ನಿಮ್ಮ ಅಂಗೈಗೆ ನಾಲ್ಕು ಜನ ಬೇಕು. ಬೆಳಿಗ್ಗೆ ರಜ ಹಾಕ್ತೀನಿ, ಹೋಗೋಣ."

ಕೈ ವಿಭಾಗದಲ್ಲಿ ಅವನು ಕೂರುವ ಮೊದಲೇ ವಿಷಯ ಹೇಳಿದ. ಮೇಜು ಮಾತಾಡುತ್ತಿತ್ತು ಮೇಡಂ, ಬೆರಳಲ್ಲ ಎಂದ. ಥೆರಪಿಸ್ಟ್ ಅವನ ಹೆಬ್ಬೆರಳ ಬುಡವನ್ನು ಮತ್ತೆ ಒತ್ತಿ ನೋಡಿದಳು. ಹೆಬ್ಬೆರಳ ಬುಡ ತುಂಬಿಕೊಂಡಿಲ್ಲ, ಬೆರಳ ತುದಿಗೆ ನರ ಬಂದಿದ್ದರೆ ಅಲ್ಲಿಗೆ ಮೊದಲು ಬರಬೇಕಿತ್ತಲ್ಲ ಎಂದು ತನಗೂ ಅನಿಸಿತ್ತು, ಅದಕ್ಕೇ ಸರ್ ಒಮ್ಮೆ ಖುದ್ದಾಗಿ ನೋಡಲಿ ಎಂದು ಬರೆದಿಟ್ಟಿದ್ದಾಗಿ ಹೇಳಿದಳು. ಕೈ ಅಲುಗದಂತೆ ಜೇಡಿಮಣ್ಣಿನಂಥ ಮೆತ್ತನೆಯ ಮುದ್ದೆಯಲ್ಲಿ ಹೂತಿಟ್ಟು ಪರೀಕ್ಷೆ ಮಾಡುವುದು ಕ್ರಮ. ಇದ್ದ ಮುದ್ದೆ ಒಣಗಿ ಬಿರುಕು ಬಿಟ್ಟಿತ್ತು, ಹೊಸದು ಬರುವುದರೊಳಗೆ ಹಾಗೇ ನಡೆಸಿದ್ದಳು. ತನ್ನ ತಪ್ಪು ಎಂದಳು. ಈಗ ಹೊಸದು ಬಂದಿತ್ತು. ಡಬ್ಬಿ ತೆರೆದು ಹಳದಿ ಮುದ್ದೆಯನ್ನು ಹರಡಿ, ಅವನ ಕೈಬೆನ್ನನ್ನೂ ಕಿರುಬೆರಳನ್ನೂ ಅದರಲ್ಲಿ ಒತ್ತಿ ಕೂರಿಸಿದಳು. ಸಾಲು ತಪ್ಪಿಸಿ, ಹೊತ್ತು ತಪ್ಪಿಸಿ ಮುಟ್ಟಿದಳು. ಗಡಿಯಾರದ ಸದ್ದು ಮತ್ತೆ ಕೇಳತೊಡಗಿತು.

ಶಸ್ತ್ರವೈದ್ಯ ಬಂದ. ಎಳೆಗಳನ್ನು ಬದಿಗಿಟ್ಟು, ತನ್ನ ನಡುಬೆರಳ ತುದಿಯಿಂದ ಕಣ್ಮುಚ್ಚಣ್ಣನ ಬೆರಳುಗಳ ಮೇಲೆ ತಟ್ಟತೊಡಗಿದ. ತುದಿಯಿಂದ ಬುಡಕ್ಕೆ, ಬುಡದಿಂದ ಅಂಗೈಗೆ, ಅಂಗೈಯಿಂದ ಮಣಿಕಟ್ಟಿನ ಕಡೆಗೆ. ಬೆಳೆಯುತ್ತಿರುವ ನರದ ತುದಿ ಎಲ್ಲಿದೆಯೋ ಅಲ್ಲಿ ತಟ್ಟಿದರೆ ಕರೆಂಟು ಹೊಡೆದ ಹಾಗಾಗುತ್ತದೆ, ನರ ಎಲ್ಲಿಯವರೆಗೆ ಬಂದಿದೆ ಎಂದು ತಿಳಿಯಲು ಇದು ಹಳೆಯ ಉಪಾಯ ಎಂದು ಹೇಳಿದ. ಕಣ್ಮುಚ್ಚಣ್ಣ ಆ ತಟ್ಟುವ ಬೆರಳನ್ನೇ ನೋಡುತ್ತಿದ್ದ. ಪುಟ್ಟಿ ಹುಡುಕುವುದೂ ಹೀಗೇ.

ಮಣಿಕಟ್ಟಿನ ಗಾಯದ ಗೆರೆಗೆ ಸ್ವಲ್ಪ ಮೊದಲು, ಅಂಗೈ ಶುರುವಾಗುವ ದಿಂಬಿನ ಮೇಲೆ ಬೆರಳು ಬಿದ್ದಾಗ ನಡುಬೆರಳಿನವರೆಗೆ ಜುಮ್ಮೆಂದಿತು.

"ಅಲ್ಲಿ," ಎಂದ.

ವೈದ್ಯ ಅಲ್ಲಿ ಕಪ್ಪು ಶಾಯಿಯಲ್ಲಿ ಅಡ್ಡಗೆರೆ ಹಾಕಿದ. ನರ ನಳಿಕೆ ದಾಟಿದೆ, ಅದು ನಿಜ. ಆದರೆ ಅಂದುಕೊಂಡದ್ದಕ್ಕಿಂತ ಬಹಳ ಹಿಂದಿದೆ. ನಡೆಯುತ್ತಿದೆಯೋ ನಿಂತಿದೆಯೋ ಎಂದು ಇವತ್ತೇ ಹೇಳಲಾಗುವುದಿಲ್ಲ. ಗಡುವಿಗೆ ಇನ್ನೂ ಸ್ವಲ್ಪ ಸಮಯವಿದೆ. ಆ ಗೆರೆಯನ್ನು ಅಳಿಸದೆ ಉಳಿಸಿಕೊಂಡು ಬನ್ನಿ, ಮಾಸಿದರೆ ಮತ್ತೆ ಎಳೆದುಕೊಳ್ಳಿ. ಮುಂದಿನ ಸಲ ಕರೆಂಟು ಗೆರೆಯ ಆಚೆ, ಬೆರಳಿನ ಕಡೆ ಹೊಡೆದರೆ ಕೈಯನ್ನು ಅದರ ಪಾಡಿಗೆ ಬಿಡೋಣ. ಗೆರೆಯಲ್ಲೇ ಇದ್ದರೆ ತೆರೆಯಬೇಕು.

"ಆ ಬಾಗಿಲು ವಾಪಸ್ ಬರದೇ ಹೋಗಿದ್ರೆ?" ಎಂದು ಹೆಂಡತಿ ಮೆಟ್ಟಿಲಿಳಿಯುವಾಗ ಕೇಳಿದಳು. ಕೆಳಗೆ ಔಷಧಿ ಅಂಗಡಿಯಲ್ಲಿ ಅವಳು ಒಂದು ಕಪ್ಪು ಪೆನ್ನು ಕೊಂಡಳು.

ಗ್ಯಾರೇಜಿನಲ್ಲಿ ಕಣ್ಮುಚ್ಚಣ್ಣ ಮಾಲೀಕನಿಗೆ ಕೈ ಬಂದಿಲ್ಲ ಎಂದು ಹೇಳಿದ. ಆಮೇಲೆ ಪೆಟ್ಟಿಗೆಯಿಂದ ಹತ್ತಿ ಬಟ್ಟೆ ತೆಗೆದು ಪೇಂಟರನ ಕೈಗೆ ಕೊಟ್ಟ. ನಾನು ತಟ್ಟುತ್ತೇನೆ, ನೀನು ನೋಡು ಎಂದ.

ಪೇಂಟರನ ಅಂಗೈ ಉಪ್ಪುಕಾಗದದಿಂದ ಸವೆದು ಮರದ ಹಲಗೆಯಂತಾಗಿತ್ತು. ಅವನು ಬಾಗಿಲನ್ನು ಉಜ್ಜುವ ಹಾಗೆ ಸವರಿದ.

"ಒತ್ತಬೇಡ. ನಿದ್ದೆ ಮಾಡ್ತಿರೋ ಮಗು ಬೆನ್ನು ಅಂತ ತಿಳ್ಕೋ."

"ನಮ್ಮ ಮನೇಲಿ ಮಗು ನನ್ನ ಕೈ ತಾಗಿದ್ರೆ ಎದ್ದು ಅಳ್ತಿತ್ತು ಅಣ್ಣ. ಉಪ್ಪುಕಾಗದ ಅಂತಿದ್ಳು ಅವರಮ್ಮ."

"ಕಣ್ಣು ಮುಚ್ಚು."

"ಮುಚ್ಚಿದ್ರೆ ಬೀಳ್ತೀನಿ."

ಆದರೂ ಮುಚ್ಚಿದ. ಮೊದಮೊದಲು ಎಲ್ಲ ಸರಿ ಇದೆ ಎನ್ನುತ್ತಿದ್ದ. ಬಣ್ಣ ಬಿದ್ದ ಮೇಲೆ ಅಲೆಗಳು ಕಾಣುತ್ತಿದ್ದವು, ಬಣ್ಣ ಕೆರೆದು ಮತ್ತೆ ಶುರುಮಾಡುತ್ತಿದ್ದರು. ಮಾಲೀಕ ಗೊಣಗಿದ, ಸುಮ್ಮನಾದ. ಎಷ್ಟೋ ಬಾಗಿಲು ಆದ ಮೇಲೆ ಒಂದು ಮಧ್ಯಾಹ್ನ ಪೇಂಟರನ ಕೈ ಹಿಡಿಯ ಕೆಳಗೆ ನಿಂತಿತು. ಇಲ್ಲೇನೋ ಇದೆ ಎಂದ, ತನಗೇ ನಂಬಿಕೆಯಿಲ್ಲದ ದನಿಯಲ್ಲಿ. ಕಣ್ಮುಚ್ಚಣ್ಣ ಹಿಂದಿನಿಂದ ಡಾಲಿ ಒತ್ತಿದ. ಅದು ಎಲ್ಲಿದೆ ಎಂದು ಈಗ ಕೈ ಹೇಳುವುದಿಲ್ಲವಾದ್ದರಿಂದ ಬಾಗಿ ನೋಡಿಕೊಂಡೇ ಒತ್ತಿದ, ತಟ್ಟಿದ. ಪುಟ್ಟಿಯ ಡಬ್ಬಿ ಪರದೆಯಾಚೆ ಮುಚ್ಚಳ ಹಾಕಿಕೊಂಡು ಕೂತಿತ್ತು. ಅವರಿಬ್ಬರೂ ಆ ವಿಷಯ ಮತ್ತೆ ಎತ್ತಲಿಲ್ಲ.

ಪ್ರತಿದಿನ ಸ್ನಾನವಾದ ಮೇಲೆ ಹೆಂಡತಿ ಗೆರೆಯನ್ನು ಮತ್ತೆ ಎಳೆಯುತ್ತಿದ್ದಳು. ಮಾಸಿದ ಗೆರೆಯ ಮೇಲೇ, ಕೂದಲಷ್ಟೂ ಆಚೀಚೆಯಾಗದಂತೆ. ಅದು ಅವಳ ಕೆಲಸವೇ. ಮನೆಯಲ್ಲಿ ತಟ್ಟಿ ನೋಡೋಣ ಎಂದು ಅವಳು ಒಂದೆರಡು ಸಲ ಹೇಳಿದಳು. ಅವನು ಒಪ್ಪಲಿಲ್ಲ. ತನ್ನ ಹೂಂ ಮೇಲೆ ತನಗೆ ನಂಬಿಕೆ ಹೋಗಿದೆ ಎಂದ.

ಮುಂದಿನ ಭೇಟಿಯ ದಿನ ಅವನು ವೈದ್ಯನನ್ನು ಒಂದು ಕೇಳಿಕೊಂಡ. ಕೈಯನ್ನು ಮುದ್ದೆಯಲ್ಲಿ ಹೂಳಿ, ತಾನು ಆ ಕಡೆ ಮುಖ ತಿರುಗಿಸುತ್ತೇನೆ, ಏನನ್ನೂ ಹೇಳುವುದಿಲ್ಲ, ನೀವೇ ನೋಡಿಕೊಳ್ಳಿ ಎಂದ. ಹೇಳದಿದ್ದರೆ ತಿಳಿಯುವುದು ಹೇಗೆ ಎಂದು ವೈದ್ಯ ಕೇಳಬಹುದಿತ್ತು, ಕೇಳಲಿಲ್ಲ. ಥೆರಪಿಸ್ಟ್ ಮುದ್ದೆ ಹರಡಿದಳು. ಕಣ್ಮುಚ್ಚಣ್ಣ ಗೋಡೆಯ ಕಡೆ ತಿರುಗಿದ, ಈ ಸಲ ಕಣ್ಣು ತೆರೆದೇ ಇಟ್ಟುಕೊಂಡ. ಗೋಡೆಯ ಮೇಲೆ ಕೈಯ ಮೂಳೆಗಳ ಚಿತ್ರವಿತ್ತು. ಅವನು ಅದನ್ನೇ ನೋಡುತ್ತ ಕೂತ.

ಬೆರಳ ತುದಿಗಳ ಮೇಲೆ ತಟ್ಟಿದ್ದು ಅವನಿಗೆ ತಿಳಿಯಲಿಲ್ಲ. ಬೆರಳ ಬುಡದ್ದೂ ತಿಳಿಯಲಿಲ್ಲ. ಹೆಂಡತಿ ಎದುರು ಕುರ್ಚಿಯಲ್ಲಿ ಕೂತು ವೈದ್ಯನ ಬೆರಳು ಕಪ್ಪು ಗೆರೆಯ ಕಡೆಗೆ ಇಳಿಯುವುದನ್ನು ನೋಡುತ್ತಿದ್ದಳು. ಅಂಗೈಯ ನಡುವಿನ ರೇಖೆಯ ಹತ್ತಿರ, ಗೆರೆಗೆ ಇನ್ನೂ ಸಾಕಷ್ಟು ದೂರವಿರುವಾಗಲೇ, ಬೆರಳು ಬಿತ್ತು. ಕೈ ಮುದ್ದೆಯಿಂದ ಕಿತ್ತುಕೊಂಡು ಮೇಲೆದ್ದಿತು. ಅವನು ಎತ್ತಿದ್ದಲ್ಲ. ಗೋಡೆಯಿಂದ ತಿರುಗಿ ನೋಡಿದಾಗ ಅದು ಆಗಲೇ ಗಾಳಿಯಲ್ಲಿತ್ತು.

ವೈದ್ಯ ಅಲ್ಲಿ ಎರಡನೆಯ ಗೆರೆ ಹಾಕಿದ. ಥೆರಪಿಸ್ಟ್ ಹೆಬ್ಬೆರಳನ್ನು ಅಡ್ಡಕ್ಕೆ ತರಲು ಹೇಳಿ, ಬುಡದ ಮಾಂಸದ ಮೇಲೆ ಬೆರಳಿಟ್ಟು, ಒಂದೆಳೆ ಅಲುಗಿತು ಎಂದಳು. ತೆರೆಯುವುದು ಬೇಡ ಎಂದ ವೈದ್ಯ. ಬೆರಳ ತುದಿಗೆ ಇನ್ನೂ ಬಹಳ ದೂರವಿದೆ. ತಗಡಿನ ವಿಷಯ ಆಗಲೂ ಗೊತ್ತಿಲ್ಲ ಎಂದೇ ಹೇಳಿದ.

ಅಲ್ಲಿಂದ ಕಣ್ಮುಚ್ಚಣ್ಣ ನೇರ ಗ್ಯಾರೇಜಿಗೆ ಹೋದ. ಪೇಂಟರ್ ಬಾನೆಟ್ಟಿನ ಮೇಲೆ ಬಟ್ಟೆ ಇಟ್ಟು ಕಣ್ಣು ಮುಚ್ಚಿ ನಿಂತಿದ್ದ. ಹೆಜ್ಜೆಯ ಸದ್ದು ಕೇಳಿ, ಕಣ್ಣು ತೆರೆಯದೆಯೇ, ಏನಾಯಿತು ಎಂದ.

"ನಡೀತಿದೆ," ಎಂದ ಕಣ್ಮುಚ್ಚಣ್ಣ.

"ಬೆರಳು?"

"ಬೆರಳು ಇನ್ನೂ ಸತ್ತೇ ಇದೆ. ನಿಂಗೇನಾದ್ರೂ ಸಿಕ್ತಾ?"

"ಎಡಗಡೆ ಒಂದು ತಗ್ಗಿರೋ ಹಾಗಿದೆ."

ಕಣ್ಮುಚ್ಚಣ್ಣ ಅಂಗಿಯ ತೋಳು ಮಡಿಸಿ, ಎರಡು ಗೆರೆಯ ಕೈಯಲ್ಲಿ ರಬ್ಬರು ಸುತ್ತಿದ ಡಾಲಿ ಹಿಡಿದು, ಬಾನೆಟ್ಟಿನ ಕೆಳಗೆ ಬಗ್ಗಿದ. ಡಾಲಿ ಎಲ್ಲಿದೆ ಎಂದು ಕಣ್ಣಿಂದ ನೋಡಿಕೊಂಡ. ಆಮೇಲೆ ತಟ್ಟಿದ.